ಹಲ್ಲಿಗೆ ತಂತಿ ಹಾಕಿಸುವಾಗ ಶುಚಿತ್ವ ಮತ್ತು ನೆಮ್ಮದಿ

ವಕ್ರದಂತಗಳನ್ನು ಸರಿಪಡಿಸುವ ತಂತಿ ಚಿಕಿತ್ಸೆಯು ಸಾಮಾನ್ಯವಾಗಿ ಒಂದೂವರೆ ಎರಡು ವರ್ಷಗಳ ಕಾಲ ನಡೆಯುತ್ತದೆ. ಉಳ್ಳಾರ್ತಿ ಕಾವಲಿನಂತಹ ಊರುಗಳಿಂದ ಚಳ್ಳಕೆರೆಗೋ ಚಿತ್ರದುರ್ಗಕ್ಕೋ ಮಕ್ಕಳನ್ನು ಮತ್ತೆ ಮತ್ತೆ ಕರೆದೊಯ್ಯುವ ಭಕ್ತರು ಕೆಲವು ಸಂಗತಿಗಳನ್ನು ಅರಿತಿರಬೇಕೆಂದು ನಾವು ಭಾವಿಸುತ್ತೇವೆ.

ಮೊದಲನೆಯದು ಶುಚಿತ್ವ. ಒಬ್ಬರ ರಕ್ತ ತಗುಲಿದ ಉಪಕರಣದಿಂದ ಮತ್ತೊಬ್ಬರಿಗೆ ಹೆಪಟೈಟಿಸ್ ಬಿ ಹರಡಬಲ್ಲದು. ಇಕ್ಕಳ ಮೊದಲಾದವನ್ನು ಒರೆಸಿಟ್ಟರೆ ಸಾಲದು. ಆಟೋಕ್ಲೇವಿನ ಒತ್ತಡದ ಹಬೆಯಲ್ಲಿ, 121 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ, ಕನಿಷ್ಠ 15 ನಿಮಿಷ ಇರಿಸಬೇಕು. ಉಪಕರಣಗಳ ಪೊಟ್ಟಣವನ್ನು ತಮ್ಮೆದುರೇ ತೆರೆಯುವಂತೆ, ಹೊಸ ಕೈಗವಸು ತೊಡುವಂತೆ ವಿನಯದಿಂದ ಕೇಳುವುದರಲ್ಲಿ ಸಂಕೋಚ ಬೇಡ.

ಎರಡನೆಯದು ನೆಮ್ಮದಿ. ತಂತಿ ಬಿಗಿಸಿದ ಬಳಿಕ ಮೂರು ನಾಲ್ಕು ದಿನ ನೋವಿರುವುದು ಸಹಜ. ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಬೇಕು. ತಂತಿ ಚುಚ್ಚುವೆಡೆಗೆ ವೈದ್ಯರು ಕೊಡುವ ಮೇಣ ಹಚ್ಚಬೇಕು. ಅಗಿಯದೆ ನುಂಗುವ ರಾಗಿಮುದ್ದೆ, ಅಂಬಲಿ ಹಿತಕರ; ಹುರಿದ ಕಡಲೆಕಾಯಿ, ಕಬ್ಬು ವರ್ಜ್ಯ. ಪ್ರತಿ ಊಟದ ನಂತರ ಹಲ್ಲುಜ್ಜುವುದು ಅಗತ್ಯ.

ಮೂರನೆಯದು ನೀರು. ನಮ್ಮ ಸೀಮೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅದರಿಂದ ಕಂದುಗಟ್ಟಿದ ಹಲ್ಲಿಗೆ ತಂತಿ ಹಿಡಿಯುವ ಬ್ರಾಕೆಟ್ ಗಟ್ಟಿಯಾಗಿ ಅಂಟದಿರಬಹುದು. ಆದುದರಿಂದ ಕುಡಿಯುವ ನೀರು ಯಾವುದೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಬ್ರಾಕೆಟ್ ಕಳಚಿದರೆ ಮುಂದಿನ ಭೇಟಿಯವರೆಗೆ ಕಾಯದೆ ತೋರಿಸಬೇಕು.