‘ಬೇಡ’ ಎನ್ನುವ ನರಕೋಶಗಳು

ಕಾಮರ್ಸ್ ಓದುವವನಿಗೆ ಮಿದುಳಿನ ಉಸಾಬರಿ ಯಾಕಪ್ಪಾ ಎಂದು ಸಂಘದ ಗೆಳೆಯರು ಕೇಳಬಹುದು. ಕಾರಣ ಮುಂದೆ ಹೇಳುತ್ತೇನೆ. ಮೊದಲು ಒಂದು ವ್ಯಾಕರಣದ ಪ್ರಶ್ನೆ. ‘ನಾನು ಬರದೆ ಇರಲಾರೆ’ ಎಂದರೇನು? ಅದರಲ್ಲಿ ಎರಡು ನಿಷೇಧಗಳಿವೆ, ಆದರೆ ಅರ್ಥ ‘ಬಂದೇ ಬರುತ್ತೇನೆ’ ಎಂದು. ನಮ್ಮ ಕೈಕಾಲು ಆಡುವುದೂ ಹೆಚ್ಚುಕಡಿಮೆ ಇದೇ ವ್ಯಾಕರಣದಿಂದಲೇ.

ಮಿದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ, ಸ್ಟ್ರಯೇಟಮ್ ಎಂಬ ಭಾಗವಿದೆ. ಬಿಳಿಯ ನರತಂತುಗಳ ಕಟ್ಟುಗಳು ಹಾಯ್ದು ಪಟ್ಟೆಪಟ್ಟೆಯಾಗಿ ಕಾಣುವುದರಿಂದ ಆ ಹೆಸರು. ‘ಕೈ ಎತ್ತು’, ‘ಪೆನ್ನು ಹಿಡಿ’ ಎಂಬಂಥ ಸೂಚನೆಗಳು ಮಿದುಳಿನ ಹೊರಪದರದಿಂದ ಇಲ್ಲಿಗೆ ಬರುತ್ತವೆ. ಅವೆಲ್ಲ ಪ್ರಚೋದಿಸುವ ಸೂಚನೆಗಳು. ಆದರೆ ಅವನ್ನು ಕೇಳಿಸಿಕೊಳ್ಳುವವರು ಬೇರೆಯೇ ಸ್ವಭಾವದವರು. ಇಲಿಗಳಲ್ಲಿ ಎಣಿಸಿದರೆ, ಇಲ್ಲಿನ ನೂರು ನರಕೋಶಗಳಲ್ಲಿ ಸುಮಾರು 95 ಒಂದೇ ಜಾತಿಯವು. ಕೊಂಬೆಗಳ ಮೇಲೆಲ್ಲ ಮುಳ್ಳಿನಂಥ ಮೊಳಕೆಗಳಿರುವುದರಿಂದ ಅವನ್ನು ಮುಳ್ಳುಕೋಶ ಎನ್ನೋಣ. ಗಾಬಾ ಎಂಬ ರಾಸಾಯನಿಕವನ್ನು ಸುರಿಸಿ ಮುಂದಿನ ಕೋಶದ ಬಾಯಿ ಮುಚ್ಚಿಸುವುದೇ ಅವುಗಳ ಕೆಲಸ.

ಎಲ್ಲರೂ ‘ಬೇಡ’ ಎಂದರೆ ಕೆಲಸ ನಡೆಯುವುದು ಹೇಗೆ? ಸ್ಟ್ರಯೇಟಮ್ಮಿನ ಪಕ್ಕದಲ್ಲಿ ಪ್ಯಾಲಿಡಮ್ ಇದೆ. ಅದರ ಒಳಭಾಗವು ಚಲನೆಗೆ ದಾರಿ ಕೊಡುವ ಥಲಮಸ್‌ಗೆ ಹಗಲೂ ರಾತ್ರಿ ‘ಬೇಡ’ ಎನ್ನುತ್ತಲೇ ಇರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಖಾತೆಗೆ ತಡೆ ಬಿದ್ದಿದೆ, ದುಡ್ಡು ಇದ್ದರೂ ತೆಗೆಯುವಂತಿಲ್ಲ. ಮುಳ್ಳುಕೋಶ ಬಂದು ಆ ತಡೆದವನಿಗೇ ‘ನೀನು ಸುಮ್ಮನಿರು’ ಎಂದಾಗ ಥಲಮಸ್‌ಗೆ ಬಿಡುಗಡೆಯಾಗಿ ಕೈ ಏಳುತ್ತದೆ. ಎರಡು ‘ಬೇಡ’ ಸೇರಿ ಒಂದು ‘ಆಗಲಿ’. ಇದು ನೇರದಾರಿ. ಇನ್ನೊಂದು ಗುಂಪಿನ ಮುಳ್ಳುಕೋಶಗಳು ಸುತ್ತುದಾರಿ ಹಿಡಿದು ಆ ತಡೆಯನ್ನೇ ಬಿಗಿಮಾಡುತ್ತವೆ. ಬೇಕಾದ ಚಲನೆ ನಡೆಯಬೇಕು, ಬೇಡದವು ನಿಲ್ಲಬೇಕು. ಅದಕ್ಕೆ ಎರಡೂ ದಾರಿ ಬೇಕು. ಡೋಪಮೀನ್ ಎಂಬ ದ್ರವ್ಯ ನೇರದಾರಿಯವರನ್ನು ಹುರಿದುಂಬಿಸಿ ಸುತ್ತುದಾರಿಯವರನ್ನು ತಣ್ಣಗಿಡುತ್ತದೆ.

ಇನ್ನು ಉಳಿದ ಬೆರಳೆಣಿಕೆಯವರ ಮಾತು. ಅವರಲ್ಲಿ ಬಲು ವೇಗವಾಗಿ ಮಿಡಿಯುವ ಒಂದು ಜಾತಿಯಿದೆ, ನೂರಕ್ಕೆ ಒಂದರಷ್ಟು ಮಾತ್ರ. ಇವರ ‘ಬೇಡ’ ಹೊರಗೆ ಹೋಗುವುದಿಲ್ಲ, ಒಳಗಿನ ಮುಳ್ಳುಕೋಶಗಳಿಗೇ ಮೀಸಲು. ಇಂಥ ಒಂದೇ ಕೋಶ ಅನೇಕ ಮುಳ್ಳುಕೋಶಗಳ ಮಿಡಿತವನ್ನು ತಡಮಾಡಬಲ್ಲದು, ನಿಲ್ಲಿಸಲೂಬಲ್ಲದು ಎಂದು 1999ರಲ್ಲಿ ಕೂಸ್ ಮತ್ತು ಟೆಪ್ಪರ್ ತೋರಿಸಿದರು. 2011ರಲ್ಲಿ ಗಿಟಿಸ್ ಮತ್ತು ಸಂಗಡಿಗರು ಮದ್ದು ಕೊಟ್ಟು ಸಣ್ಣ ಇಲಿಗಳಲ್ಲಿ ಈ ಕೋಶಗಳನ್ನು ಅಡಗಿಸಿದಾಗ ಅವುಗಳ ಮೈ ತಾನಾಗಿ ತಿರುಚತೊಡಗಿತು. ಅಂದರೆ ಯಾರು, ಯಾವಾಗ ಮಾತಾಡಬೇಕೆಂದು ಗೊತ್ತುಮಾಡುವುದು ಈ ಕೆಲವರೇ. ಮನುಷ್ಯರಲ್ಲೂ ಇಂಥ ತಡೆ ಸಡಿಲವಾದಾಗ ಡಿಸ್ಟೋನಿಯಾ ಬರಬಹುದು. 2017ರಲ್ಲಿ ಬೆಂಗಳೂರಿನಲ್ಲಿ ಬೆರಳು ಸೆಟೆದುಕೊಳ್ಳುತ್ತಿದ್ದ ಒಬ್ಬ ವಾದಕರು, ವೈದ್ಯರು ಮಿದುಳಿನ ಶಸ್ತ್ರಕ್ರಿಯೆ ಮಾಡುತ್ತಿರುವಾಗಲೇ ಗಿಟಾರ್ ನುಡಿಸಿದ ಸುದ್ದಿ ನೀವೂ ಓದಿರಬಹುದು.

ಈಗ ಕಾರಣಕ್ಕೆ ಬರುತ್ತೇನೆ. ನಮ್ಮ ದೊಡ್ಡಪ್ಪ ಬೇಗಂ ಬಜಾರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮುತ್ತಿನಂಥ ಅಕ್ಷರ. ಬರಬರುತ್ತಾ ಸಾಲು ಮುಗಿಯುವಷ್ಟರಲ್ಲಿ ಅಂಕಿಗಳು ಸಾಸಿವೆಯಷ್ಟಾಗತೊಡಗಿದವು. ಅಂಗಡಿಯವರು ‘ಮನಸ್ಸಿಟ್ಟು ಬರೆಯುವುದಿಲ್ಲ’ ಎಂದು ಬೈದರು. ದೊಡ್ಡಮ್ಮ, “ಯಾಕ್ರೀ, ಕಾಗದ ಉಳಸಲಾಕತ್ತೀರೇನು?” ಎಂದು ನಕ್ಕರು. ಕೆಲಸ ಹೋದ ಮೇಲೆ ತಿಳಿಯಿತು, ಅದು ಪಾರ್ಕಿನ್‌ಸನ್ ರೋಗ. ಡೋಪಮೀನ್ ತಯಾರಿಸುವ ಕೋಶಗಳು ಸಾಯುತ್ತಾ ಬಂದಾಗ, ಸ್ಥೂಲವಾಗಿ ಹೇಳುವುದಾದರೆ, ಸುತ್ತುದಾರಿಯ ಕೈ ಮೇಲಾಗುತ್ತದೆ. ತಡೆ ಬಿಗಿಯಾಗಿ ನಡೆ ನಿಧಾನವಾಗುತ್ತದೆ, ಅಕ್ಷರ ಕುಗ್ಗುತ್ತದೆ. ದೊಡ್ಡಪ್ಪನಲ್ಲಿ ಮನಸ್ಸಿಗೇನೂ ಕೊರತೆ ಇರಲಿಲ್ಲ.

ಇದಕ್ಕೆ ಕೊಡುವ ಮುಖ್ಯ ಔಷಧ ಲೆವೊಡೋಪಾ. ಮಿದುಳು ಅದನ್ನು ಡೋಪಮೀನ್ ಆಗಿ ಮಾಡಿಕೊಳ್ಳುತ್ತದೆ. ನಮ್ಮ ಬೇಲಿಗಳಲ್ಲಿ ಬೆಳೆದು ಮೈಗೆ ತುರಿಕೆ ಹತ್ತಿಸುವ ನಸುಗುನ್ನಿಯ ಬೀಜದಲ್ಲೂ ಇದೇ ವಸ್ತು ಇದೆ. 1937ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿದರು. ಹಾಗೆಂದು ಯಾರೂ ಬೀಜ ಕುಟ್ಟಿಕೊಂಡು ತಿನ್ನಬೇಡಿ, ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು.

ದೊಡ್ಡಪ್ಪ ಈಗ ಗೆರೆ ಎಳೆದ ಕಾಗದದಲ್ಲಿ ಬರೆಯುತ್ತಾರೆ. ಗೆರೆ ಕಣ್ಣಿಗೆ ಬಿದ್ದರೆ ಅಕ್ಷರ ಅಷ್ಟಾಗಿ ಕುಗ್ಗುವುದಿಲ್ಲ. ಈ ರೋಗವಿರುವ ಕೆಲವರಿಗೆ ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿದಂತಾಗುವುದೂ ಉಂಟು. ಕಾಚಿಗುಡ ಸ್ಟೇಷನ್ನಿನ ಬಾಗಿಲಲ್ಲಿ ಯಾರಾದರೂ ಹಿರಿಯರು ಹಾಗೆ ನಿಂತುಬಿಟ್ಟರೆ ಹಿಂದಿನಿಂದ ನೂಕಬೇಡಿ. ನೆಲದ ಮೇಲಿನ ಒಂದು ಗೆರೆಯನ್ನು ತೋರಿಸಿ, ‘ಇದನ್ನು ದಾಟಿ ಬನ್ರೀ’ ಎನ್ನಿ. ಎಷ್ಟೋ ಸಲ ಹೆಜ್ಜೆ ಬರುತ್ತದೆ.