ಸೆಟೆದ ಕೈ, ಉರಿಯುವ ಅಂಗಾಲು

ಅಪ್ಪಾಜಿಗೆ ಲಕ್ವಾ ಹೊಡೆದಾಗ ಎಡಗೈ, ಎಡಗಾಲು ಜೋತು ಬಿದ್ದಿದ್ದವು. ಈಗ ಕೈ ಮಡಚಿ ಬಿಗಿಯಾಗಿದೆ, ಕಾಲು ಸೆಟೆದಿದೆ. ಶಕ್ತಿ ಮರಳುತ್ತಿದೆಯೇ?
– ಓದುಗರು, ಸಿಂದಗಿ

ಬಿಗಿತ ಬಂದ ಮಾತ್ರಕ್ಕೆ ಶಕ್ತಿ ಬಂದಂತಲ್ಲ. ತಾವಾಗಿಯೇ ಬೆರಳು ಬಿಡಿಸಬಲ್ಲರೇ ಎಂಬುದನ್ನು ನೋಡಿ. ಸ್ನಾಯುವನ್ನು ಎಳೆದರೆ ಅದನ್ನು ತಿರುಗಿ ಸೆಳೆಯುವುದು ಬೆನ್ನುಹುರಿಯ ನರಕೋಶಗಳ ಸಹಜ ಗುಣ. ಆ ಗುಣವನ್ನು ಹೆಚ್ಚಿಸುವ, ತಗ್ಗಿಸುವ ಎರಡೂ ಬಗೆಯ ನರತಂತುಗಳು ಮಿದುಳಿನ ಕಾಂಡದಿಂದ ಇಳಿಯುತ್ತವೆ. ತಗ್ಗಿಸುವ ತಂತುಗಳಿಗೆ ಮೇಲಿನ ಮಿದುಳಿನ ಆಸರೆ ಬೇಕು. ಲಕ್ವಾದಿಂದ ಆ ಆಸರೆ ತಪ್ಪಿದಾಗ ಹೆಚ್ಚಿಸುವ ತಂತುಗಳದೇ ಮೇಲುಗೈ. ಇಂಗ್ಲೆಂಡಿನ ವಿಜ್ಞಾನಿ ಶೆರಿಂಗ್ಟನ್ 1898ರಲ್ಲೇ ಇದಕ್ಕೆ ಹತ್ತಿರದ ಸ್ಥಿತಿಯನ್ನು ವಿವರಿಸಿದ್ದರು: ಮಿದುಳಿನ ಕಾಂಡವನ್ನು ಮೇಲ್ಭಾಗದಲ್ಲಿ ಕತ್ತರಿಸಿದಾಗ ಬೆಕ್ಕಿನ ಕಾಲುಗಳು ಸೆಟೆದು ನಿಂತವು.

ಆದ್ದರಿಂದ ಅವರ ಕೈಯನ್ನು ಗಕ್ಕನೆ ಜಗ್ಗಬೇಡಿ. ವೇಗವಾಗಿ ಜಗ್ಗಿದಷ್ಟೂ ಬಿಗಿತ ಏರುತ್ತದೆ. ನಿಧಾನವಾಗಿ ಬಿಡಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿಯಿರಿ, ದಿನವೂ ಮಾಡಿ. ಫಿಸಿಯೋಥೆರಪಿಯವರಿಂದ ಒಮ್ಮೆ ಕಲಿತರೆ ಮನೆಮಂದಿಯೇ ಮಾಡಬಹುದು. ವೈದ್ಯರು ಬಿಗಿತ ತಗ್ಗಿಸುವ ಬ್ಯಾಕ್ಲೊಫೆನ್ ಮಾತ್ರೆ ಬರೆದಿದ್ದರೆ ಅದನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ.

ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿ. ಕೊಟ್ಟಿದ್ದು ಡ್ಯುಲೊಕ್ಸೆಟಿನ್. ಅದು ಖಿನ್ನತೆಯ ಗುಳಿಗೆಯಂತೆ! ನನ್ನ ನೋವು ಸುಳ್ಳೆಂದು ವೈದ್ಯರ ಭಾವನೆಯೇ?
– ಗೃಹಿಣಿ, ಬಸವನ ಬಾಗೇವಾಡಿ

ಖಂಡಿತ ಅಲ್ಲ, ತಾಯಿ. ನಿಮ್ಮ ಉರಿ ನಿಜ, ಔಷಧವೂ ಸರಿ. ಪಾದದಿಂದ ಹೊರಟ ನೋವಿನ ಸಂದೇಶ ಬೆನ್ನುಹುರಿಯನ್ನು ದಾಟಿಯೇ ಮಿದುಳು ಸೇರಬೇಕು. ಅಲ್ಲಿ ಅದನ್ನು ಎಷ್ಟು ಬಿಡಬೇಕೆಂಬುದರಲ್ಲಿ ಮಿದುಳಿನ ಕಾಂಡದ ಪಾತ್ರ ದೊಡ್ಡದು. 1969ರಲ್ಲಿ ರೆನಾಲ್ಡ್ಸ್ ಎಂಬ ವಿಜ್ಞಾನಿ ಇಲಿಯ ಮಿದುಳಿನ ಕಾಂಡದ ಒಂದು ಜಾಗಕ್ಕೆ ವಿದ್ಯುತ್ ಹಾಯಿಸಿ, ಅರಿವಳಿಕೆ ಮದ್ದಿಲ್ಲದೆಯೇ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿದರು. ಅಲ್ಲಿಂದ ಇಳಿಯುವ ತಂತುಗಳು ಸೆರೊಟೋನಿನ್, ನಾರ್‌ಅಡ್ರಿನಾಲಿನ್ ಎಂಬ ರಾಸಾಯನಿಕಗಳ ಮೂಲಕ ನೋವನ್ನು ಅದುಮುತ್ತವೆ. ನಿಮ್ಮ ಮಾತ್ರೆ ಅವೆರಡೂ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಗುಣ ಕಾಣಲು ಕೆಲವು ವಾರ ಬೇಕಾಗಬಹುದು, ನೀವಾಗಿಯೇ ಬಿಡಬೇಡಿ. ಸಕ್ಕರೆ ಹತೋಟಿಯಂತೂ ಬೇಕೇ ಬೇಕು.

ಲಿಂಬೆ ತೋಟದಲ್ಲಿ ಹಾವು ಕಂಡು ಓಡಿದೆ. ಕಾಲಿಗೆ ಮುಳ್ಳು ನಟ್ಟಿದ್ದು ಮನೆ ಸೇರಿದ ಮೇಲೆಯೇ ಗೊತ್ತಾಯಿತು. ಏಕೆ?
– ರೈತರು, ಇಂಡಿ

ಮೇಲೆ ಹೇಳಿದ ದಾರಿಯೇ. ಜೀವಭಯದಲ್ಲಿ ಮಿದುಳಿನ ಕಾಂಡ ನೋವನ್ನು ಬೆನ್ನುಹುರಿಯಲ್ಲೇ ತಡೆಯುತ್ತದೆ. ಹೆದರಿಕೆ ಇಲ್ಲದಾಗಲೂ ಮುಳ್ಳು ಚುಚ್ಚಿದ್ದು ತಿಳಿಯದಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಧನುರ್ವಾತದ ಲಸಿಕೆ ಹಾಕಿಸಿಕೊಂಡಿರಾ? ಆ ರೋಗದ ವಿಷ ಗಾಯದಿಂದ ನರದ ಗುಂಟ ಏರಿ, ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಸಡಿಲಿಸುವ ನರಕೋಶಗಳನ್ನೇ ಸುಮ್ಮನಾಗಿಸುತ್ತದೆ. ಹಾಕಿಸಿಕೊಂಡಿಲ್ಲವಾದರೆ ಇಂದೇ ತಾಲ್ಲೂಕು ಆಸ್ಪತ್ರೆಗೆ ಹೋಗಿ.