ಪತ್ತೇದಾರಿ ಕಥೆಯಲ್ಲಿ ದೈವದ ಸಾಕ್ಷ್ಯ

ಕೊಲೆ ಕಳವುಗಳ ಪತ್ತೆಯ ಕಥೆಯೊಳಕ್ಕೆ ದೆವ್ವ ದೈವಗಳು ಬಂದು ಸೇರಿದರೆ ಅದು ಕೆಳದರ್ಜೆಯ ಬರವಣಿಗೆ ಎಂಬುದು ನಮ್ಮಲ್ಲಿ ಅನೇಕರ ಅಭಿಪ್ರಾಯ. ನನ್ನ ಅಭಿಪ್ರಾಯವೂ ಹಿಂದೆ ಅದೇ ಆಗಿತ್ತು. ಪೊಲೀಸರ ತನಿಖೆಗೆ ಕಾರಣ ಬೇಕು, ಸಾಕ್ಷಿ ಬೇಕು. ದೈವಕ್ಕೆ ಇವೆರಡೂ ಬೇಡ. ಹೀಗಿರುವಾಗ ಇವು ಒಂದೇ ಕಥೆಯಲ್ಲಿ ಕೂಡಿ ಬಾಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ ನಮ್ಮ ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರ ಬೆಟ್ಟದಲ್ಲಿಯೇ ಇದೆ ಎಂದು ಈಗ ನನಗೆ ತೋರುತ್ತದೆ.

ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ತಡೆದ ಜಟಾಯು ರೆಕ್ಕೆ ಕಡಿಸಿಕೊಂಡು ಬಿದ್ದುದು ಈ ಬೆಟ್ಟದ ಮೇಲೆ ಎಂಬುದು ನಮ್ಮ ಕಡೆಯ ಜನರ ನಂಬಿಕೆ. ಬೇರೆ ನಾಡುಗಳಲ್ಲಿಯೂ ಇದೇ ಮಾತು ಹೇಳುವ ಸ್ಥಳಗಳುಂಟು. ಆ ವಾದ ಇಲ್ಲಿ ಬೇಡ. ವಾಲ್ಮೀಕಿಯ ಅರಣ್ಯಕಾಂಡದ ಈ ಭಾಗವನ್ನು ಪತ್ತೇದಾರಿ ಕಥೆಯೆಂದೇ ಓದಿ ನೋಡೋಣ. ಮೊದಲು ಅಪರಾಧ. ಬಳಿಕ ಸ್ಥಳಪರೀಕ್ಷೆ: ಉದುರಿದ ಹೂ, ಮುರಿದ ರಥ, ಮುರಿದ ಬಿಲ್ಲು, ನೆಲದ ಮೇಲೆ ರಕ್ತ. ಅನಂತರ ತಪ್ಪು ಶಂಕೆ: ರಕ್ತದಲ್ಲಿ ತೊಯ್ದ ಹದ್ದನ್ನು ಕಂಡ ಶ್ರೀರಾಮನು, ಸೀತೆಯನ್ನು ತಿಂದ ರಾಕ್ಷಸ ಇವನೇ ಎಂದು ಬಾಣ ಹೂಡುತ್ತಾನೆ. ಆ ಕ್ಷಣ ಕೈ ತಡೆಯದಿದ್ದರೆ, ಕಣ್ಣಾರೆ ಕಂಡು ಕಾದಾಡಿದ ಸಾಕ್ಷಿ ಅವನ ಕೈಯಿಂದಲೇ ಸಾಯುತ್ತಿದ್ದ. ಹದ್ದು ಮಾತನಾಡುತ್ತದೆ, ಕದ್ದವನ ಹೆಸರು ಹೇಳುತ್ತದೆ, ಹೋದ ದಿಕ್ಕು ತೆಂಕಣವೆನ್ನುತ್ತದೆ, ಪ್ರಾಣ ಬಿಡುತ್ತದೆ.

ಹಕ್ಕಿ ಮಾತನಾಡಿದ್ದು ಅಲೌಕಿಕ. ಆದರೆ ತನಿಖೆ ಅಲ್ಲಿಗೆ ಮುಗಿಯಲಿಲ್ಲ. ಸುಗ್ರೀವನ ಬಳಿಯಿದ್ದ ಒಡವೆಗಳ ಗುರುತು ಹಿಡಿಯಬೇಕಾಯಿತು, ವಾನರರನ್ನು ಕಳುಹಿಸಬೇಕಾಯಿತು, ಹನುಮಂತನು ಕಣ್ಣಾರೆ ಕಂಡು ಬರಬೇಕಾಯಿತು. ಜಟಾಯು ತೆಂಕಣವೆಂದಿದ್ದರೂ ವಾನರರು ಹೋದದ್ದು ನಾಲ್ಕು ದಿಕ್ಕಿಗೂ ಎಂಬುದನ್ನು ಗಮನಿಸಬೇಕು.

ಸಾಯುವವನು ತನ್ನ ಸಾವಿನ ಕಾರಣವನ್ನು ಕುರಿತು ಆಡಿದ ಮಾತನ್ನು ನ್ಯಾಯಾಲಯವೂ ಸಾಕ್ಷ್ಯವೆಂದು ಪರಿಗಣಿಸುತ್ತದೆ. 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ಮೈಮೇಲೆ ಬಂದ ದೈವದ ನುಡಿಗೆ ಅಂಥ ಸ್ಥಾನವಿಲ್ಲ. ಜಟಾಯು ತಾನು ಕಂಡುದನ್ನು ಹೇಳಿದ. ದೈವದ ನುಡಿಯನ್ನು ಯಾರು ಕಂಡರು, ಎಲ್ಲಿ ನಿಂತು ಕಂಡರು ಎಂದು ಕೇಳುವಂತಿಲ್ಲ.

ಪುರಾಣದಿಂದ ನಮ್ಮ ಕಾಲದ ಕಾದಂಬರಿಗೆ ಬರೋಣ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕೃತಿ. ಏಲಕ್ಕಿ ಬೆಳೆಯ ಇಳಿತವನ್ನೂ ವಿಜ್ಞಾನಿ ಜೋಗಿಹಾಳರ ಸಾವನ್ನೂ ಪತ್ತೆಮಾಡಲು ಗೂಢಚಾರ ಅಧಿಕಾರಿ ಅಂಗಾಡಿ ಕೆಸರೂರಿಗೆ ಬರುತ್ತಾರೆ. ಅತ್ತ ಕೃಷ್ಣೇಗೌಡರ ಮನೆಯ ಮೇಲೆ ಕಲ್ಲುಗಳು ಬೀಳುತ್ತವೆ. ಅದು ದೆವ್ವದ ಕಾಟವೋ ಮನುಷ್ಯರ ಕೆಲಸವೋ ಎಂಬ ಗೊಂದಲದಲ್ಲಿ ಊರಿನ ಜನ ಒಬ್ಬರನ್ನೊಬ್ಬರು ಶಂಕಿಸುತ್ತಾರೆ. ಕೊನೆಗೆ ಊರನ್ನು ಸುತ್ತುವರಿಯುವುದು ಬೆಂಕಿ. ಆ ಬೆಂಕಿಗೆ ಯಾವ ದೆವ್ವದ ನೆರವೂ ಬೇಕಾಗಲಿಲ್ಲ. ದೆವ್ವ ಇದೆಯೋ ಇಲ್ಲವೋ ಎಂಬುದಕ್ಕಿಂತ, ದೆವ್ವದ ಹೆಸರು ಬಂದಾಗ ಮನುಷ್ಯರು ಏನು ಮಾಡುತ್ತಾರೆ ಎಂಬುದೇ ಇಂಥ ಕಥೆಯ ತಿರುಳೆಂದು ಅದನ್ನು ಓದಿದಾಗ ನನಗೆ ಹೊಳೆಯಿತು.

ಹೊಳೆದದ್ದಕ್ಕೆ ಒಂದು ಕಾರಣವಿದೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಹಟ್ಟಿಯಲ್ಲಿ ನಮ್ಮ ಎರಡು ಕುರಿಗಳು ಕಾಣೆಯಾದವು. ಹಿರಿಯರು ದೇವರನ್ನು ಕೇಳಿದರು. “ಮೂಡಲಿಗೆ ಹೋಗ್ಯಾವೆ” ಎಂದಿತು ದೈವ. ಹಟ್ಟಿಯ ಮೂಡಲ ತುದಿಯ ಮನೆಯಲ್ಲಿ ನಮ್ಮ ಜೊತೆ ಕುರಿ ಮೇಯಿಸುತ್ತಿದ್ದ ಒಬ್ಬ ಹುಡುಗನಿದ್ದ. ಅವನ ಹೆಸರನ್ನು ದೈವ ಹೇಳಲಿಲ್ಲ, ನಾವು ಹೇಳಿದೆವು. ಯಾರೂ ಅವನನ್ನು ಹೊಡೆಯಲಿಲ್ಲ. ಕೆಲಸಕ್ಕೆ ಕರೆಯುವುದನ್ನು ಬಿಟ್ಟರು, ಅಷ್ಟೆ. ಎರಡು ತಿಂಗಳಿಗೆ ಅವನು ಬಳ್ಳಾರಿಗೆ ಕೂಲಿಗೆ ಹೋದ. ನಮ್ಮ ಮನೆಯಲ್ಲಿ ಓದು ಬರಹ ಬಲ್ಲವನು ನಾನೊಬ್ಬನೇ. ಠಾಣೆಗೆ ಒಂದು ಅರ್ಜಿ ಬರೆಯೋಣವೆಂದು ನನಗೂ ಹೊಳೆಯಲಿಲ್ಲ.

ಕಾರ್ತೀಕದಲ್ಲಿ ಸೌದೆಗೆಂದು ಗುಡ್ಡ ಹತ್ತಿದಾಗ ಬಂಡೆಯ ಸಂದಿನಲ್ಲಿ ಮೂಳೆಗಳನ್ನೂ ನಮ್ಮ ಕುರಿಯ ಕೊರಳ ಗಂಟೆಯನ್ನೂ ಕಂಡೆ. ಚಿರತೆಯೋ ತೋಳವೋ ಹೊತ್ತೊಯ್ದಿತ್ತು. ಗಂಟೆಯನ್ನು ತಂದು ಅಪ್ಪನ ಮುಂದಿಟ್ಟೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಗುಡ್ಡನೂ ಮೂಡಲಿಗೇ ಐತಲ್ಲೋ” ಎಂದರು. ಮರುವಾರ ಬಳ್ಳಾರಿಗೆ ಹೋಗಿ ಹುಡುಕಿದರು. ಹುಡುಗ ಸಿಕ್ಕಿದ, ಹಟ್ಟಿಗೆ ಮಾತ್ರ ಬರಲಿಲ್ಲ. ಇಂದಿಗೂ ಬಂದಿಲ್ಲ.

ಜಟಿಂಗದ ಬೆಟ್ಟದಲ್ಲಿ ಇನ್ನೊಂದು ಸಾಕ್ಷ್ಯವಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆ; ‘ಲಿಪಿಕಾರ’ ಎಂಬ ಪದ ಮಾತ್ರ ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿದೆ. ಆ ಒಂದು ಪದದಿಂದ ಅವನು ಆ ಸೀಮೆಯ ನಂಟುಳ್ಳವನೆಂದು ವಿದ್ವಾಂಸರು ಊಹಿಸಿದರು. ಇದೂ ಪತ್ತೇದಾರಿಕೆಯೇ. ಜಟಿಂಗದ ಶಾಸನ ಬಹಳ ಸವೆದಿದೆ. ಅದರ ಮಾತನ್ನು ಬ್ರಹ್ಮಗಿರಿಯ ಶಾಸನದ ನೆರವಿನಿಂದ ತಿಳಿಯಬೇಕು. ಜಂಬೂದ್ವೀಪದಲ್ಲಿ ಮನುಷ್ಯರು ದೇವತೆಗಳೊಡನೆ ಬೆರೆತರೆಂದೂ, ಅದು ಪ್ರಯತ್ನದ ಫಲವೆಂದೂ, ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಅದನ್ನು ಪಡೆಯಬಲ್ಲರೆಂದೂ ಅದರ ಸಾರಾಂಶ.

ಮನುಷ್ಯರೂ ದೇವರೂ ಬೆರೆಯಬಾರದೆಂದು ನಾನು ಈಗ ಹೇಳಲಾರೆ, ಕಥೆಯಲ್ಲಿಯೂ ಬೆರೆಯಲಿ. ಆದರೆ ಪ್ರಯತ್ನ ಮನುಷ್ಯನದೇ ಆಗಿರಬೇಕು. ದೈವ ದಿಕ್ಕು ತೋರಿದರೆ ತೋರಲಿ. ಆ ದಿಕ್ಕಿನಲ್ಲಿ ಗುಡ್ಡದವರೆಗೂ ನಡೆದು ನೋಡದೆ, ಮೊದಲ ಮನೆಯ ಬಾಗಿಲಲ್ಲೇ ನಿಂತು ಒಬ್ಬನ ಹೆಸರು ಹೇಳುವವನು ಕಥೆಯಲ್ಲಿಯೂ ಪತ್ತೇದಾರನಲ್ಲ, ಊರಿನಲ್ಲಿಯೂ ಅಲ್ಲ.